ಟಿವಿಗೆ ವೈಫೈ ಹತ್ತದಿದ್ದರೆ ಅದಕ್ಕೂ ಕನ್ನಡವೇ ಕಾರಣವೇ?

ಮಕ್ಕಳಿಗೆ ಕೆಲಸ ಸಿಗದಿದ್ದರೆ ಕನ್ನಡ ಕಾರಣ. ಬ್ಯಾಂಕಿನಲ್ಲಿ ಚಲನ್ ತಿರುಗಿ ಬಂದರೆ ಕನ್ನಡ ಕಾರಣ. ಈ ಮಾತುಗಳನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಈಗ ಹೊಸದೊಂದು ಸೇರಿದೆ ಸ್ವಾಮಿ. ಮನೆಯ ಟಿವಿಗೆ ವೈಫೈ ಹತ್ತದಿದ್ದರೂ ಕನ್ನಡವೇ ಕಾರಣವಂತೆ!

ನನ್ನದೊಂದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರ ಅಚ್ಚು ಹಾಕಿಕೊಂಡಿರುವವನು, ಪಿಯುಸಿಗೆ ಶರಣು ಹೊಡೆದವನು. ಪ್ರೆಸ್ಸಿನ ಮೇಲೆಯೇ ಮನೆ. ೨೦೧೭ರಲ್ಲಿ ಕೊಂಡ ಟಿವಿ ಇದೆ, ಇಂಟರ್‌ನೆಟ್ಟಿನಿಂದ ಸಿನಿಮಾ ನೋಡುವಂಥದ್ದು. ವೈಫೈಗೆ ‘ಕನ್ನಡ ಮನೆ’ ಎಂದು ಕನ್ನಡ ಅಕ್ಷರದಲ್ಲೇ ಹೆಸರಿಟ್ಟಿದ್ದೆ. ಟಿವಿ ಪರದೆಯಲ್ಲಿ ಅದು ಬರೀ ಚೌಕ ಚೌಕವಾಗಿ ಕಾಣುತ್ತಿತ್ತು, ನಿಜ. ಆದರೆ ವರ್ಷಗಟ್ಟಲೆ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹೋದ ಮಳೆಗಾಲದಲ್ಲಿ ಸಿಡಿಲಿಗೆ ರೂಟರ್ ಸುಟ್ಟಿತು. ಇಂಟರ್‌ನೆಟ್ ಕಂಪನಿಯವರು ಹೊಸದು ತಂದಿಟ್ಟರು. ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿಸಿದೆ. ಮನೆಯ ಮೂರು ಫೋನುಗಳೂ ತಕ್ಷಣ ಹತ್ತಿಕೊಂಡವು. ಟಿವಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ‘ಸಂಪರ್ಕ ಆಗಲಿಲ್ಲ, ಪಾಸ್‌ವರ್ಡ್ ಪರೀಕ್ಷಿಸಿ’ ಅಂತ ಇಂಗ್ಲಿಷಿನಲ್ಲಿ ಒಂದೇ ರಾಗ. ರಿಮೋಟಿನ ಗುಂಡಿ ಒತ್ತಿ ಒತ್ತಿ ಹನ್ನೊಂದು ಸಲ ಪಾಸ್‌ವರ್ಡ್ ಹೊಡೆದೆ. ಹೆಬ್ಬೆರಳು ನೋವು ಬಂತೇ ಹೊರತು ಚಿತ್ರ ಬರಲಿಲ್ಲ.

ಟಿವಿ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಕನ್ನಡಕ್ಕೆ ಇಂಥ ಅಂಕಿ ಒತ್ತಿ ಅಂದಿತು, ಒತ್ತಿದೆ. ಮಾತಾಡಿದಾಕೆಗೆ ‘ನಮಸ್ಕಾರ’ ಬಿಟ್ಟರೆ ಕನ್ನಡ ಬಾರದು. ಅರ್ಧ ಗಂಟೆ ಅವಳ ಹಿಂದಿ, ನನ್ನ ಹರಕು ಇಂಗ್ಲಿಷು. ಕೊನೆಗೆ ಸಿಕ್ಕಿದ ಮದ್ದು: ಫ್ಯಾಕ್ಟರಿ ರೀಸೆಟ್! ಅಂದರೆ ಟಿವಿಯ ತಲೆ ಬೋಳಿಸಿ ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಒಯ್ಯುವುದು. ಮಾಡಿದೆ. ಇದ್ದಬದ್ದ ಆ್ಯಪುಗಳೆಲ್ಲ ಅಳಿಸಿಹೋದವು. ವೈಫೈ ಹತ್ತಲಿಲ್ಲ.

ಮರುದಿನ ತಂತ್ರಜ್ಞ ಬಂದ. ಬಂದದ್ದಕ್ಕೇ ಐನೂರು ರೂಪಾಯಿ. ಪರದೆಯ ಮೇಲಿನ ಚೌಕಗಳನ್ನು ನೋಡಿದ್ದೇ ತಡ, ಕಳ್ಳನನ್ನು ಹಿಡಿದವನಂತೆ ನಕ್ಕ. ‘ಇದೇ ನೋಡಿ ಸಾರ್ ಪ್ರಾಬ್ಲಮ್ಮು. ಕನ್ನಡದಲ್ಲಿ ಹೆಸರು ಹಾಕಿದರೆ ಮಿಷನ್ ಹೇಗೆ ತಗೊಳ್ಳುತ್ತೆ?’ ನನ್ನ ಕೈಯಿಂದಲೇ ಹೆಸರು ಅಳಿಸಿ ಇಂಗ್ಲಿಷಿನಲ್ಲಿ ‘ಹೋಮ್ ಒನ್’ ಅಂತ ಮಾಡಿಸಿದ. ಆಯ್ತಪ್ಪಾ, ಈಗಲಾದರೂ ಹತ್ತಿತೋ? ಇಲ್ಲ! ಆಗ ಆ ಪುಣ್ಯಾತ್ಮ ಏನಂದ ಗೊತ್ತೇ? ‘ಬೋರ್ಡು ಹೋಗಿದೆ. ಹಳೇ ಸೆಟ್ಟು. ಹೊಸದು ತಗೊಂಡುಬಿಡಿ.’

ತಪ್ಪು ಕನ್ನಡದ್ದು ಎಂದು ಹೇಳಿದ ಬಾಯಿ ಕನ್ನಡದ ಕ್ಷಮೆ ಕೇಳಲಿಲ್ಲ, ಗಮನಿಸಿ.

ವೈಫೈ ಹೆಸರಿಗೆ ನಿಯಮವೊಂದಿದೆ. ಅದು ಮೂವತ್ತೆರಡು ಬೈಟಿಗಿಂತ ಹೆಚ್ಚಿರಬಾರದು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು. ಯುಟಿಎಫ್-೮ ಎಂಬ ಲೆಕ್ಕದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. ಕಾಗುಣಿತದ ಗುರುತು, ಒತ್ತು ಕೊಡುವ ವಿರಾಮ, ಎಲ್ಲವೂ ಒಂದೊಂದು ಸಂಕೇತ. ನಮ್ಮಪ್ಪ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ‘ಸ್ತ್ರೀ’ ಎಂಬ ಒಂದಕ್ಷರಕ್ಕೆ ಎಷ್ಟು ಪರದಾಡುತ್ತಿದ್ದರೋ, ಈಗ ಅದೇ ಅಕ್ಷರ ಹದಿನೆಂಟು ಬೈಟು ನುಂಗುತ್ತದೆ! ಆದರೂ ‘ಕನ್ನಡ ಮನೆ’ಗೆ ಬೇಕಾದದ್ದು ಇಪ್ಪತ್ತೈದೇ ಬೈಟು. ಮೂವತ್ತೆರಡರೊಳಗೆ ಸುಖವಾಗಿ ಕೂರುತ್ತದೆ. ಚೌಕ ಕಂಡರೆ ಟಿವಿಯಲ್ಲಿ ಕನ್ನಡದ ಫಾಂಟ್ ಇಲ್ಲ ಎಂದರ್ಥ, ಅಷ್ಟೇ. ಅದು ಟಿವಿ ಮಾಡಿದವನ ದಾರಿದ್ರ್ಯ. ಪಾಸ್‌ವರ್ಡಿನ ಮಾತು ಬೇರೆ. ಅದನ್ನು ಎಂಟರಿಂದ ಅರವತ್ತಮೂರು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಲ್ಲೇ ಇಡಬೇಕು. ಅದನ್ನು ನಾನೂ ಹಾಗೇ ಇಟ್ಟಿದ್ದೆ.

ಆ ರಾತ್ರಿ ಮಗಳು ತನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ ಟಿವಿಗೆ ಕೊಟ್ಟಳು. ಒಂದೇ ನಿಮಿಷದಲ್ಲಿ ಹತ್ತಿಕೊಂಡಿತು! ಬೋರ್ಡು ಹೋಗಿದೆ ಅಂದವನು ಈಗ ಎಲ್ಲಿದ್ದಾನೆ? ಓದುಗರೇ, ನಿಮ್ಮ ಟಿವಿ ಹಟ ಹಿಡಿದರೆ ಐನೂರು ರೂಪಾಯಿ ತೆರುವ ಮೊದಲು ಈ ಪರೀಕ್ಷೆ ಮಾಡಿ. ಹಾಟ್‌ಸ್ಪಾಟಿಗೆ ಹತ್ತಿದರೆ ಟಿವಿ ನೆಟ್ಟಗಿದೆ, ತಕರಾರು ರೂಟರಿನ ಕಡೆ ಎಂದು ತಿಳಿಯಿರಿ.

ರೂಟರನ್ನು ತಿರುಗಿಸಿ ತಳದ ಚೀಟಿ ನೋಡಿದೆ. ಪಾಸ್‌ವರ್ಡ್, ಒಳಹೋಗುವ ವಿಳಾಸ ಎಲ್ಲ ಅದರಲ್ಲೇ ಇದೆ. ಎಷ್ಟು ಸಣ್ಣ ಅಕ್ಷರ ಅಂದರೆ, ಸೊನ್ನೆ ಯಾವುದು ‘ಓ’ ಯಾವುದು ಎಂದು ಪ್ರೆಸ್ಸಿನವನಾದ ನನಗೇ ತಿಳಿಯಲಿಲ್ಲ. ನಾನು ಅಂಥ ಲಗ್ನಪತ್ರಿಕೆ ಅಚ್ಚು ಹಾಕಿದರೆ ಗಿರಾಕಿ ಮುಖದ ಮೇಲೆ ಎಸೆಯುತ್ತಾನೆ. ಅಂತೂ ಭೂತಗನ್ನಡಿ ಹಿಡಿದು ಆ ವಿಳಾಸವನ್ನು ಫೋನಿನ ಬ್ರೌಸರಿನಲ್ಲಿ ಹಾಕಿ ಒಳಹೊಕ್ಕೆ. ಭದ್ರತೆ ಎಂಬಲ್ಲಿ ‘ಡಬ್ಲ್ಯೂಪಿಎ-೩’ ಎಂದಿತ್ತು. ಈ ಬೀಗ ಲೋಕಕ್ಕೆ ಬಂದದ್ದೇ ೨೦೧೮ರಲ್ಲಿ. ನನ್ನ ಟಿವಿ ೨೦೧೭ರದ್ದು, ಅದಕ್ಕೆ ಗೊತ್ತಿರುವುದು ‘ಡಬ್ಲ್ಯೂಪಿಎ-೨’. ಹುಟ್ಟುವ ಮೊದಲೇ ಇಲ್ಲದ ಬೀಗಕ್ಕೆ ಕೀಲಿ ಎಲ್ಲಿಂದ ತರಬೇಕು? ಎರಡಕ್ಕೂ ಒಗ್ಗುವ ಮಿಶ್ರ ಆಯ್ಕೆ ಹಾಕಿದೆ, ಹತ್ತಲಿಲ್ಲ. ಬರೀ ಎರಡಕ್ಕೆ ಇಳಿಸಿದೆ, ಹತ್ತಿತು. ಪಾಸ್‌ವರ್ಡ್ ಉದ್ದವಾಗಿ, ಊಹೆಗೆ ನಿಲುಕದಂತೆ ಇದ್ದರೆ ಮನೆಗೆ ಅದು ಸಾಕು.

ಹಾಗಾದರೆ ‘ಪಾಸ್‌ವರ್ಡ್ ಪರೀಕ್ಷಿಸಿ’ ಎಂದು ಟಿವಿ ಏಕೆ ಸುಳ್ಳು ಹೇಳಿತು? ‘ಈ ಬೀಗ ನನಗೆ ತಿಳಿಯದು, ರೂಟರಿನಲ್ಲಿ ಬದಲಿಸಿ’ ಎಂಬ ಒಂದು ಸಾಲು ಬರೆಯಲು ಕಂಪನಿಗೆ ಎಷ್ಟು ಖರ್ಚು? ಆ ಸಾಲು ಕನ್ನಡದಲ್ಲಿದ್ದರೆ ನಮ್ಮ ಅತ್ತಿಗೆಯೂ ಓದಿ ಸರಿಮಾಡಿಕೊಳ್ಳುತ್ತಿದ್ದಳು.

ಬೇರೆ ಕಾರಣಗಳೂ ಇವೆ. ಎರಡನ್ನೂ ಒಮ್ಮೆ ಆರಿಸಿ ಹಚ್ಚುವುದು ಒಳ್ಳೆಯದೇ, ಮೊದಲು ರೂಟರ್, ಆಮೇಲೆ ಟಿವಿ. ವೈಫೈಗೆ ೨.೪ ಮತ್ತು ೫ ಗಿಗಾಹರ್ಟ್ಸ್ ಎಂದು ಎರಡು ದಾರಿ. ೫ ವೇಗದ್ದು, ಗೋಡೆ ದಾಟಲು ಸೋಲುತ್ತದೆ. ೨.೪ ನಿಧಾನ, ಆದರೆ ದೂರ ಹೋಗುತ್ತದೆ. ಅಗ್ಗದ ಎಷ್ಟೋ ಟಿವಿಗಳಿಗೆ ೨.೪ ಮಾತ್ರ ಗೊತ್ತು. ಎರಡಕ್ಕೂ ಒಂದೇ ಹೆಸರಿದ್ದು ತೊಂದರೆಯಾದರೆ ಬೇರೆ ಬೇರೆ ಹೆಸರು ಕೊಡಿ. ಟಿವಿಯ ನೆಟ್‌ವರ್ಕ್ ಪುಟದಲ್ಲಿ ವಿಳಾಸ ೧೬೯.೨೫೪ ಎಂದು ಶುರುವಾದರೆ ರೂಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ. ವೈಫೈ ಹತ್ತಿದೆ, ಚಿತ್ರ ಮಾತ್ರ ಬಾರದು ಎಂದಾದರೆ ಟಿವಿಯ ತಾರೀಖು ನೋಡಿ. ತಾರೀಖು ತಪ್ಪಿದ್ದರೆ ಆ ಕಡೆಯ ಪ್ರಮಾಣಪತ್ರ ಅವಧಿ ಮೀರಿದ್ದೆಂದೋ ಇನ್ನೂ ಹುಟ್ಟಿಲ್ಲವೆಂದೋ ತಿಳಿದು ಟಿವಿ ಬಾಗಿಲು ಹಾಕಿಕೊಳ್ಳುತ್ತದೆ.

ಈ ಪ್ರಮಾಣಪತ್ರದ ಕಥೆ ಕೇಳಿ. ಟಿವಿಗೆ ಚುಚ್ಚುವ ಗೂಗಲ್ಲಿನ ಕ್ರೋಮ್‌ಕಾಸ್ಟ್ ಎಂಬ ಸಾಧನದ ಎರಡನೇ ಪೀಳಿಗೆ ೨೦೧೫ರಲ್ಲಿ ಬಂದಿತ್ತು. ೨೦೨೫ರ ಮಾರ್ಚಿನಲ್ಲಿ ಅವು ಲೋಕದಾದ್ಯಂತ ಒಟ್ಟಿಗೆ ಕೈಕೊಟ್ಟವು. ಅದರೊಳಗಿನ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಮನೆಯವರ ವೈಫೈಯದ್ದೂ ತಪ್ಪಲ್ಲ, ಪಾಸ್‌ವರ್ಡಿನದ್ದೂ ಅಲ್ಲ. ಆಗ ಗೂಗಲ್ಲೇ ಜನರಿಗೆ ಹೇಳಿದ್ದು, ದಯವಿಟ್ಟು ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಎಂದು! ಮೊದಲೇ ಮಾಡಿಬಿಟ್ಟವರು ಸಾಧನವನ್ನು ಮತ್ತೆ ಕೂರಿಸಲಾಗದೆ ಒದ್ದಾಡಿದರು. ಸಹಾಯವಾಣಿಯಲ್ಲಿ ಕೂತು ಯಾವ ರೋಗಕ್ಕೂ ಅದೇ ಗುಳಿಗೆ ಹಂಚುವವರು ಇದನ್ನು ಉರು ಹೊಡೆಯಲಿ.

ಟಿವಿ ಕಂಪನಿಗೆ ಪತ್ರ ಬರೆದಿದ್ದೇನೆ, ಅಚ್ಚ ಕನ್ನಡದಲ್ಲಿ. ಕೇಳಿರುವುದು ಮೂರು: ಹತ್ತದಿದ್ದರೆ ನಿಜವಾದ ಕಾರಣ ಪರದೆಯ ಮೇಲೆ ಕನ್ನಡದಲ್ಲಿ ಬರಬೇಕು. ಕನ್ನಡದ ಅಂಕಿ ಒತ್ತಿದವನಿಗೆ ಕನ್ನಡ ಬಲ್ಲವರು ಸಿಗಬೇಕು. ನನ್ನ ಐನೂರು ರೂಪಾಯಿ ವಾಪಸು ಬರಬೇಕು. ಆರು ವಾರವಾಯಿತು, ಉತ್ತರವಿಲ್ಲ. ನಕಲು ಪ್ರೆಸ್ಸಿನ ಗೋಡೆಗೆ ಅಂಟಿಸಿದ್ದೇನೆ, ಬಂದವರು ಓದಬಹುದು.

ವೈಫೈ ಹೆಸರನ್ನು ಅದೇ ರಾತ್ರಿ ‘ಕನ್ನಡ ಮನೆ’ ಎಂದು ಮತ್ತೆ ಬದಲಿಸಿದೆ. ಟಿವಿಯಲ್ಲಿ ಈಗಲೂ ಚೌಕಗಳೇ ಕಾಣುತ್ತವೆ. ಸಿನಿಮಾ ಚೆನ್ನಾಗಿಯೇ ಓಡುತ್ತಿದೆ.