ಪರೀಕ್ಷೆಯ ಓದು ಮತ್ತು ಮುಚ್ಚಿದ ಪುಸ್ತಕ

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗುವವರೆಗೆ ಮೈಸೂರು ಸೀಮೆಯ ಕಾಲೇಜು ವಿದ್ಯಾರ್ಥಿಗಳು ಪದವಿಗಾಗಿ ಮದರಾಸಿನ ವಿಶ್ವವಿದ್ಯಾನಿಲಯವನ್ನೇ ನೆಚ್ಚಬೇಕಾಗಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರ 1881ರ ಬಿ.ಎ. ಪದವಿಯೂ ಈ ಊರಿನ ಮೊಹರನ್ನು ಹೊತ್ತದ್ದೇ. ಬಡತನದ ನಿಮಿತ್ತ ಅವರು ಮಕ್ಕಳಿಗೆ ಮನೆಪಾಠ ಹೇಳುತ್ತ ತಾವೂ ಓದಿದರು. ಪರರಿಗೆ ಪಾಠ ಹೇಳುವವನು ತನ್ನ ಪಾಠವನ್ನು ಮರೆಯುವುದು ಕಷ್ಟ.

ಇಂದು ಚೆನ್ನೈಯ ಕನ್ನಡ ಮನೆಗಳಲ್ಲಿ ಮಾರ್ಚ್ ತಿಂಗಳು ಸಮೀಪಿಸಿತೆಂದರೆ ದೂರದರ್ಶನದ ಪೆಟ್ಟಿಗೆ ಮೌನ ತಾಳುತ್ತದೆ, ನೆಂಟರ ಬರವು ನಿಲ್ಲುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಮಗುವನ್ನು ಎಬ್ಬಿಸಿ ಕಾಫಿ ಕೊಟ್ಟು ಕೂರಿಸಲಾಗುತ್ತದೆ. ಅದೇ ಪುಟವನ್ನು ಹತ್ತು ಬಾರಿ ಓದಿ, ಸಾಲುಗಳ ಕೆಳಗೆ ಕೆಂಪು, ಹಸಿರು ಗೆರೆ ಎಳೆದದ್ದಾಯಿತು. ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಕೈ ನಿಂತುಬಿಡುತ್ತದೆ. ಮಗು ಸೋಮಾರಿಯೆಂಬ ಬೈಗುಳ ಮನೆಯಲ್ಲಿ ಕಾದಿರುತ್ತದೆ. ಇದು ಅನ್ಯಾಯ. ದೋಷವಿರುವುದು ಮಗುವಿನ ಶ್ರಮದಲ್ಲಲ್ಲ, ಓದುವ ಕ್ರಮದಲ್ಲಿ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಮರೆತನೆಂಬುದನ್ನು ಅಳೆದು 1885ರಲ್ಲಿ ಪ್ರಕಟಿಸಿದನು. ಒಂದು ದಿನ ಕಳೆಯುವಷ್ಟರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕೈಬಿಟ್ಟಿತ್ತು. ಅರ್ಥವುಳ್ಳ ಪಾಠ ಇಷ್ಟು ಬೇಗ ಕರಗದು, ಆದರೂ ಕರಗುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದು ಪ್ರಯೋಗವನ್ನು ಪ್ರಕಟಿಸಿದರು. ಪಾಠವನ್ನು ಎರಡು ಬಾರಿ ಓದಿದವರೂ, ಒಮ್ಮೆ ಓದಿ ಬಳಿಕ ನೆನಪಿನಿಂದ ಬರೆದವರೂ ಅದರಲ್ಲಿದ್ದರು. ಐದು ನಿಮಿಷದ ಅನಂತರ ಓದಿದವರದೇ ಮೇಲುಗೈ. ಒಂದು ವಾರದ ಅನಂತರವಾದರೋ ಅವರಿಗೆ ಉಳಿದದ್ದು ಶೇಕಡ 42, ಬರೆದವರಿಗೆ ಶೇಕಡ 56. ಈ ಐದು ನಿಮಿಷದ ಮೇಲುಗೈಯೇ ವಿದ್ಯಾರ್ಥಿಯನ್ನು ಮೋಸಗೊಳಿಸುವುದು. ಪುಟವು ಪರಿಚಿತವಾಗಿ ಕಂಡ ಮಾತ್ರಕ್ಕೆ ವಿಷಯ ಬಂದಿದೆಯೆಂದು ಅವನು ಭಾವಿಸುತ್ತಾನೆ.

ಬ್ಯಾಂಕಿನ ಕ್ಯಾಷಿಯರನು ದಿನದ ಕೊನೆಗೆ ನಗದನ್ನು ಎಣಿಸಿ ಪುಸ್ತಕದೊಡನೆ ತಾಳೆ ನೋಡುತ್ತಾನೆ, ವರ್ಷಾಂತ್ಯದವರೆಗೆ ಕಾಯುವುದಿಲ್ಲ. ವಿದ್ಯಾರ್ಥಿಯೂ ಪುಸ್ತಕ ಮುಚ್ಚಿ, ಬಿಳಿಯ ಹಾಳೆಯ ಮೇಲೆ ನೆನಪಿದ್ದಷ್ಟನ್ನು ಬರೆದು, ಅನಂತರ ತೆರೆದು ಕೊರತೆಯನ್ನು ಗುರುತಿಸತಕ್ಕದ್ದು. ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಹದಿನೈದು ದಿನದ ಮೇಲೆ ಮತ್ತೊಮ್ಮೆ ಹೀಗೆ ಮಾಡಿದರೆ ಸಾಕು. ವಾಣಿಜ್ಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು: ಬಿಡಿಸಿಟ್ಟ ಲೆಕ್ಕವನ್ನು ನೋಡಿ ತಲೆದೂಗುವುದು ಲೆಕ್ಕಶಾಸ್ತ್ರವಲ್ಲ. ಹಿಂದೆ ದೀಪ ಹಚ್ಚಿದ ಮೇಲೆ ಮಕ್ಕಳು ಪುಸ್ತಕವಿಲ್ಲದೆ ಮಗ್ಗಿ ಒಪ್ಪಿಸುತ್ತಿದ್ದುದೂ ಇದೇ ಬಗೆಯ ತಾಳೆಯೇ. ಅದನ್ನು ಬರಿಯ ಗಿಳಿಪಾಠವೆಂದು ಹಳಿದವರು ತುಸು ಅವಸರಪಟ್ಟರೆನ್ನಬೇಕು.

ಇಲ್ಲಿನ ನಮ್ಮ ಮಕ್ಕಳಿಗೆ ಭಾಷೆಯ ಭಾರವೂ ಇದೆ. ಮನೆಯಲ್ಲಿ ಕನ್ನಡ, ಪಾಠ ಬಹುಮಟ್ಟಿಗೆ ಇಂಗ್ಲಿಷು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯಿದೆಯ ಅನಂತರ ಒಂದನೆಯ ತರಗತಿಯಿಂದಲೇ ತಮಿಳು. ಇದನ್ನು ಹೊರೆಯೆಂದು ಕೊರಗುವ ಬದಲು ಉಪಯೋಗಿಸಿಕೊಳ್ಳಬಹುದು. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿತದ್ದನ್ನು ಸಂಜೆ ಅಜ್ಜಿಗೆ ಕನ್ನಡದಲ್ಲಿ ವಿವರಿಸಲಿ. ಉಪ್ಪು ಹಚ್ಚಿದ ಹಾಗಲಕಾಯಿ ನೀರು ಬಿಡುವುದೇಕೆಂದು ಅಜ್ಜಿ ಕೇಳಿದರೆ, ಆಸ್ಮಾಸಿಸ್ ಎಂಬ ಪದವೊಂದನ್ನೇ ಉರುಹೊಡೆದ ಮಗು ಅಲ್ಲಿಯೇ ಸಿಕ್ಕಿಬೀಳುತ್ತದೆ. ಪರೀಕ್ಷೆಗೆ ಮೊದಲೇ ಸಿಕ್ಕಿಬಿದ್ದದ್ದು ಲಾಭವೇ ಸರಿ.

ಇನ್ನು ನಿದ್ರೆ. ಕಲಿತ ಮೇಲೆ ಎಚ್ಚರವಾಗಿದ್ದವರಿಗಿಂತ ಮಲಗಿ ಎದ್ದವರಿಗೆ ಹೆಚ್ಚು ನೆನಪಿರುವುದನ್ನು ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ 1924ರಲ್ಲಿಯೇ ತೋರಿಸಿದರು. ಹೀಗಿರಲು ತಾಯಂದಿರು ವಾತ್ಸಲ್ಯದಿಂದ ರಾತ್ರಿ ಒಂಬತ್ತಕ್ಕೆ ಕೊಡುವ ಲೋಟ ಕಾಫಿಯ ಲೆಕ್ಕವನ್ನೂ ನೋಡಬೇಕು. ಅದರ ಕೆಫೀನು ಅರ್ಧಕ್ಕೆ ಇಳಿಯಲು ವಯಸ್ಕರಲ್ಲಿಯೇ ಸುಮಾರು ಐದು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ರಾತ್ರಿ ಎರಡಾಗಿರುತ್ತದೆ. ನಾಲ್ಕಕ್ಕೆ ಗಡಿಯಾರದ ಗಂಟೆ ಬಾರಿಸುತ್ತದೆ.