ಫಲಕ ಬೇಡ, ಹಕ್ಕುಪತ್ರ ಕೊಡಿ

ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ 2014ರ ಆರಂಭದಲ್ಲಿ ಫಿಲ್‌ಮೋರ್ ಬೀದಿಯ ಒಂದು ಹಳೆಯ ಮರದ ಮನೆಗೆ ಸ್ಮಾರಕದ ಮಾನ್ಯತೆ ಕೊಟ್ಟಿತು. 1950ರ ದಶಕದಲ್ಲಿ ಈ ಮನೆಯಲ್ಲಿ ಜಿಂಬೋಸ್ ಬಾಪ್ ಸಿಟಿ ಎಂಬ ಜಾಝ್ ಅಡ್ಡೆ ಬೆಳಗಿನ ಜಾವದವರೆಗೂ ನಡೆಯುತ್ತಿತ್ತು. ಆಗ ಮನೆ ಇದ್ದದ್ದು ಪೋಸ್ಟ್ ಬೀದಿಯಲ್ಲಿ. ಪುನರಭಿವೃದ್ಧಿಯ ಬುಲ್ಡೋಜರ್ ಬಂದಾಗ ಇಡೀ ಮನೆಯನ್ನೇ ಎತ್ತಿ ತಂದು ಫಿಲ್‌ಮೋರ್‌ನಲ್ಲಿ ಕೂರಿಸಿದರು. ಆಮೇಲೆ ಅದಕ್ಕೆ ಮಾರ್ಕಸ್ ಬುಕ್ಸ್ ಬಂತು. 1960ರಲ್ಲಿ ಶುರುವಾದ ಇದು ಅಮೆರಿಕದ ಕಪ್ಪು ಜನರ ಪುಸ್ತಕದಂಗಡಿಗಳಲ್ಲೆಲ್ಲ ಹಿರಿಯದು. ಈ ಎರಡು ಕಾರಣಗಳಿಗಾಗಿ ಮನೆ ಸ್ಮಾರಕವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಪುಸ್ತಕದಂಗಡಿಯನ್ನು ಅಲ್ಲಿಂದ ಖಾಲಿ ಮಾಡಿಸಲಾಯಿತು.

ಅಂದರೆ ಗೋಡೆ, ಕಿಟಕಿ, ಮುಂಬಾಗಿಲಿಗೆ ರಕ್ಷಣೆ ಸಿಕ್ಕಿತು. ಅವುಗಳಿಗೆ ಬೆಲೆ ತಂದುಕೊಟ್ಟವರು ಪುಸ್ತಕದ ಪೆಟ್ಟಿಗೆಗಳೊಂದಿಗೆ ಬೀದಿಗೆ ಬಂದರು. ಸಾಲ ತೀರಿಸಲಾಗದೆ ಕಟ್ಟಡ ಕೈತಪ್ಪಿತ್ತು. ಹೊಸ ಮಾಲೀಕರು ಸುಮಾರು 16 ಲಕ್ಷ ಡಾಲರ್ ಕೊಟ್ಟು ಕೊಂಡಿದ್ದರು. ವಾಪಸು ಕೊಡಲು ಅದರ ಮೇಲೆ ಸುಮಾರು 10 ಲಕ್ಷ ಕೇಳಿದರು. ಒಂದು ಸಮುದಾಯ ಭೂ ಟ್ರಸ್ಟ್, ಒಂದು ಸಮಾಜಸೇವಾ ಸಂಸ್ಥೆ, ಊರೂರಿನ ಓದುಗರು ಸೇರಿ ಹಣ ಕೂಡಿಸಲು ಹೆಣಗಿದರು. ಗಡುವು ಮುಗಿಯಿತು. ಇಡೀ ಪ್ರಕರಣದಲ್ಲಿ ಯಾರೂ ಕಾನೂನು ಮುರಿಯಲಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಅಮೆರಿಕದ ನಗರಗಳು ಕಪ್ಪು ಸಂಸ್ಕೃತಿಯನ್ನು ಅಗ್ಗದಲ್ಲಿ ಗೌರವಿಸುವ ಕಲೆಯನ್ನು ಚೆನ್ನಾಗಿ ಕಲಿತಿವೆ. ಬೀದಿಗೆ ಹೆಸರಿಡುವುದು, ದೀಪದ ಕಂಬಕ್ಕೆ ಬ್ಯಾನರ್ ಕಟ್ಟುವುದು, ಗೋಡೆಗೆ ಚಿತ್ರ ಬರೆಸುವುದು. ಓಕ್‌ಲ್ಯಾಂಡ್ ನಗರಸಭೆ 2016ರ ಜನವರಿಯಲ್ಲಿ 14ನೇ ಬೀದಿಯ ಪಟ್ಟಿಯನ್ನು ‘ಕಪ್ಪು ಕಲಾ ಚಳವಳಿ ಮತ್ತು ವ್ಯಾಪಾರ ಜಿಲ್ಲೆ’ ಎಂದು ಘೋಷಿಸಿತು. ಘೋಷಣೆಯ ಜೊತೆ ಒಂದು ಅಡಿ ಜಾಗವೂ ಯಾರ ಹೆಸರಿಗೂ ಬರಲಿಲ್ಲ. ಅದೇ ಆಸುಪಾಸಿನಲ್ಲಿ, ಆಫ್ರಿಕನ್ ನೃತ್ಯ ಕಲಿಸುವ ಮಲೊಂಗಾ ಕೇಂದ್ರದ ಎದುರು, ಆಲಿಸ್ ಬೀದಿಯಲ್ಲಿ ಕಲಾವಿದರು ಆ ನೆರೆಹೊರೆಯ ನೃತ್ಯಗಾರರನ್ನೂ ಹಿರಿಯರನ್ನೂ ಸೇರಿಸಿ ಬೃಹತ್ ಭಿತ್ತಿಚಿತ್ರ ಬರೆದರು. ಬಣ್ಣ ಒಣಗಿ ಹೆಚ್ಚು ಕಾಲವಾಗುವ ಮೊದಲೇ ಚಿತ್ರದ ಮುಂದಿದ್ದ ಪಾರ್ಕಿಂಗ್ ಜಾಗದಲ್ಲಿ ಬಹುಮಹಡಿ ವಸತಿ ಕಟ್ಟಡದ ಯೋಜನೆ ಬಂತು, ಚಿತ್ರ ಮರೆಯಾಯಿತು. ಜನ ಹೋರಾಡಿ ಬಿಲ್ಡರ್‌ನಿಂದ ಪರಿಹಾರ ಪಡೆದರು. ಅದರಲ್ಲಿ ಏನಿತ್ತು ಗೊತ್ತೆ? ಬೇರೆ ಕಡೆ ಇನ್ನೊಂದು ಭಿತ್ತಿಚಿತ್ರ ಬರೆಯಲು ಹಣ!

ಜಾಗ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಬಿಟ್ಟು ಸಂಸ್ಕೃತಿಯ ಬಗ್ಗೆ ಎಷ್ಟು ಮಾತಾಡಿದರೂ ಅದು ಕಾಲಹರಣ. ಕಪ್ಪು ಜನರ ರಂಗಮಂದಿರ, ಪುಸ್ತಕದಂಗಡಿ, ಸಂಗೀತದ ಅಡ್ಡೆಗಳು ಆ ಜನರ ಸಾಮೂಹಿಕ ಸ್ವತ್ತಾಗಬೇಕು, ಸಹಕಾರ ಸಂಘದ ಹೆಸರಿನಲ್ಲಿ ನೋಂದಣಿಯಾಗಬೇಕು, ಮತ್ತೆಂದೂ ಮಾರುಕಟ್ಟೆಗೆ ಬರಬಾರದು. ಸರ್ಕಾರದ ಹಣ ಹೋಗಬೇಕಾದ್ದು ಈ ಕೆಲಸಕ್ಕೆ.

ಇದನ್ನು ಹಗಲುಗನಸು ಎನ್ನುವವರು ಒಮ್ಮೆ ಪಶ್ಚಿಮ ಓಕ್‌ಲ್ಯಾಂಡಿನ 7ನೇ ಬೀದಿಗೆ ಹೋಗಬೇಕು. ಫ್ರೀಮಾಂಟ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬಾರ್ಟ್ ರೈಲಿನಲ್ಲಿ ಹೋಗುವ ನಮ್ಮ ಕನ್ನಡದ ಸಾಫ್ಟ್‌ವೇರ್ ಹುಡುಗ ಹುಡುಗಿಯರು ದಿನವೂ ಆ ಬೀದಿಯ ತಲೆಯ ಮೇಲೇ ಹಾದುಹೋಗುತ್ತಾರೆ. ಕೊಲ್ಲಿಯಡಿಯ ಸುರಂಗಕ್ಕೆ ಇಳಿಯುವ ಮೊದಲು ರೈಲು ಕಿವಿ ಕೊರೆಯುವಂತೆ ಕಿರುಚುತ್ತದಲ್ಲ, ಅದೇ ಜಾಗ.

ಖಂಡದ ಉದ್ದಕ್ಕೂ ಬಂದ ರೈಲು ಹಳಿ 1869ರಲ್ಲಿ ಮುಟ್ಟಿದ್ದು ಈ ದಂಡೆಯನ್ನು. ಪುಲ್‌ಮನ್ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ ದುಡಿಯುತ್ತಿದ್ದ ಕಪ್ಪು ಪೋರ್ಟರ್‌ಗಳು ಇಲ್ಲೇ ನೆಲೆನಿಂತರು. ಅವರ ಕಾರ್ಮಿಕ ಸಂಘದ ಪಶ್ಚಿಮ ಕರಾವಳಿಯ ನಾಯಕ ಸಿ.ಎಲ್. ಡೆಲಮ್ಸ್ ಕಚೇರಿ ತೆರೆದದ್ದು ಈ ಬೀದಿಯಲ್ಲಿ. 1933ರಲ್ಲಿ ಸ್ಲಿಮ್ ಜೆಂಕಿನ್ಸ್ ಕ್ಲಬ್ಬು ಬಂತು. ಎರಡನೇ ಮಹಾಯುದ್ಧದ ಹಡಗುಕಟ್ಟೆಗಳು ಟೆಕ್ಸಸ್, ಲೂಸಿಯಾನಾಗಳಿಂದ ಸಾವಿರಾರು ಕಪ್ಪು ಕುಟುಂಬಗಳನ್ನು ಕರೆತಂದವು, ಅವರ ಜೊತೆ ಬ್ಲೂಸ್ ಬಂತು. ಟೆಕ್ಸಸ್‌ನಿಂದ ಬಂದ ಎಸ್ತರ್ ಮೇಬ್ರಿ ಎಂಬಾಕೆ ಮೊದಲು ಜೆಂಕಿನ್ಸ್ ಕ್ಲಬ್ಬಿನಲ್ಲಿ ದುಡಿದರು, 1950ರಲ್ಲಿ ಸ್ವಂತ ತಿಂಡಿ ಹೋಟೆಲು ಹಾಕಿದರು, ಆಮೇಲೆ ಆರ್ಬಿಟ್ ರೂಮ್ ಎಂಬ ಬಾರು. ಬಿ.ಬಿ. ಕಿಂಗ್, ಎಟ್ಟಾ ಜೇಮ್ಸ್‌ರಂಥವರು ಹಾಡಿ ಹೋದ ಬೀದಿ ಇದು.

ಇದನ್ನು ಮಾರುಕಟ್ಟೆ ಕೊಂದಿತು ಎಂದರೆ ಅರ್ಧ ಸತ್ಯ. ಮೊದಲ ಏಟು ಹಾಕಿದ್ದು ಸರ್ಕಾರ. 1937ರಲ್ಲಿ ಕೇಂದ್ರದ ಗೃಹಸಾಲ ಸಂಸ್ಥೆ ನಕಾಶೆಯಲ್ಲಿ ಪಶ್ಚಿಮ ಓಕ್‌ಲ್ಯಾಂಡಿಗೆ ಕೆಂಪು ಬಳಿಯಿತು. ಅಲ್ಲಿಂದಾಚೆಗೆ ಅಲ್ಲಿ ಮನೆ ಕೊಳ್ಳಲು ಬ್ಯಾಂಕ್ ಸಾಲ ಹುಟ್ಟುವುದು ದುಸ್ತರವಾಯಿತು. 1957ರಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿ ಬಡಾವಣೆಯನ್ನು ಸೀಳಿತು. (1989ರ ಭೂಕಂಪದಲ್ಲಿ ಅದು ಕುಸಿದು 42 ಮಂದಿ ಸತ್ತರು.) 1960ರಲ್ಲಿ ದೊಡ್ಡ ಅಂಚೆ ಕಚೇರಿಗೆ ಜಾಗ ಮಾಡಲು ಮನೆಗಳನ್ನು ಸೇನೆಯ ಹಳೆಯ ಟ್ಯಾಂಕಿನಿಂದ ಗುದ್ದಿ ಕೆಡವಿದರು. ನಾಟಕದಲ್ಲಿ ಬರೆದರೆ ಅತಿಯಾಯಿತು ಎನ್ನುತ್ತಿದ್ದೆವು. ಕೊನೆಗೆ ಬೀದಿಯ ಮೇಲೇ ಬಾರ್ಟ್‌ನ ಕಾಂಕ್ರೀಟ್ ಹಳಿ ಬಂತು. ಅದರ ಸದ್ದಿನ ಕೆಳಗೆ ಹಾಡುವವರು ಯಾರು, ಕೇಳುವವರು ಯಾರು? ಓಕ್‌ಲ್ಯಾಂಡಿನ ಜನಸಂಖ್ಯೆಯಲ್ಲಿ ಕಪ್ಪು ಜನರ ಪಾಲು 1980ರಲ್ಲಿ ಶೇ. 47 ಇದ್ದದ್ದು 2020ರ ಹೊತ್ತಿಗೆ ಶೇ. 22ರ ಆಸುಪಾಸಿಗೆ ಇಳಿಯಿತು. ಎಸ್ತರ್ 2010ರಲ್ಲಿ ತೀರಿಕೊಂಡರು, ಬಾರಿನ ಬಾಗಿಲೂ ಮುಚ್ಚಿತು.

ಹತ್ತು ವರ್ಷ ಮುಚ್ಚಿಯೇ ಇದ್ದ ಆ ಕಟ್ಟಡವನ್ನು 2021ರಲ್ಲಿ ಕೊಂಡದ್ದು ಒಂದು ಸಹಕಾರ ಸಂಘ. ಈಸ್ಟ್ ಬೇ ಪರ್ಮನೆಂಟ್ ರಿಯಲ್ ಎಸ್ಟೇಟ್ ಕೋಆಪರೇಟಿವ್ ಎಂದು ಅದರ ಉದ್ದ ಹೆಸರು. ಅದನ್ನು ಮುನ್ನಡೆಸಿದ ನೋನಿ ಸೆಷನ್ ಪಶ್ಚಿಮ ಓಕ್‌ಲ್ಯಾಂಡಿನವರೇ. 2016ರಲ್ಲಿ ನಗರಸಭೆಗೆ ಸ್ಪರ್ಧಿಸಿ ಸೋತು, ನಗರಸಭೆ ಮಾಡದ ಕೆಲಸವನ್ನು ಹೊರಗಿನಿಂದಲೇ ಮಾಡಲು ಹೊರಟರು. ಸಂಘದ ರಚನೆ ಗಮನಿಸುವಂಥದ್ದು. ಅಲ್ಲಿ ನಾಲ್ಕು ಬಗೆಯ ಒಡೆಯರಿದ್ದಾರೆ: ಆ ಕಟ್ಟಡಗಳಲ್ಲಿ ವಾಸಿಸುವವರು, ಸುತ್ತಲಿನ ಸಮುದಾಯದವರು, ಸಂಘದ ನೌಕರರು, ಹಣ ಹೂಡಿದವರು. ಒಂದು ಷೇರಿಗೆ 1,000 ಡಾಲರ್. ಹೂಡಿದವರಿಗೆ ವರ್ಷಕ್ಕೆ ಶೇ. 1.5ರ ಮಟ್ಟದ ಲಾಭಾಂಶದ ಗುರಿ, ಅಷ್ಟೇ. ಹತ್ತು ಷೇರಿದ್ದರೂ ನೂರಿದ್ದರೂ ಮತ ಒಂದೇ. ಆಸ್ತಿಯ ಬೆಲೆ ಏರಿತೆಂದು ಮಾರಿ ಹಂಚಿಕೊಳ್ಳುವ ದಾರಿಯನ್ನು ಮೊದಲೇ ಮುಚ್ಚಿಟ್ಟಿದ್ದಾರೆ. ನಮ್ಮಲ್ಲಿ ಹಾಲಿನ ಡೇರಿಗೂ ಕೃಷಿ ಪತ್ತಿಗೂ ಸಹಕಾರ ಸಂಘ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸಂಘಗಳು ರಾಜಕಾರಣಿಗಳ ಜಹಗೀರು ಆದದ್ದು ಹೇಗೆಂದೂ ನಮಗೆ ಗೊತ್ತಿದೆ, ಆ ಎಚ್ಚರಿಕೆಯನ್ನು ಅವರಿಗೂ ದಾಟಿಸಬೇಕು.

ಇದನ್ನು ಎಡಪಂಥೀಯರ ಇತ್ತೀಚಿನ ಶೋಕಿ ಎಂದು ತಳ್ಳಿಹಾಕುವವರಿಗೆ ಚರಿತ್ರೆ ಗೊತ್ತಿಲ್ಲ. ಡಬ್ಲ್ಯು.ಇ.ಬಿ. ಡುಬೋಯ್ಸ್ ಕಪ್ಪು ಅಮೆರಿಕನ್ನರ ಆರ್ಥಿಕ ಸಹಕಾರದ ಬಗ್ಗೆ ಅಧ್ಯಯನ ಪ್ರಕಟಿಸಿದ್ದು 1907ರಲ್ಲಿ. ಭೂಮಿಯನ್ನು ಮಾರುಕಟ್ಟೆಯಿಂದಲೇ ಹೊರಗಿಡುವ ಸಮುದಾಯ ಭೂ ಟ್ರಸ್ಟಿನ ಬೇರಂತೂ ನಮ್ಮ ಕಡೆಗೇ ಚಾಚಿದೆ. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪಕ್ಕದ ಇಲವಾಲದಲ್ಲಿ ಗ್ರಾಮದಾನ ಸಮ್ಮೇಳನ ನಡೆಯಿತು. ವಿನೋಬಾ, ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ನೆಹರೂ, ಕಮ್ಯುನಿಸ್ಟರ ಕಡೆಯಿಂದ ಇ.ಎಂ.ಎಸ್. ನಂಬೂದಿರಿಪಾಡ್ ಒಂದೇ ಚಪ್ಪರದಡಿ ಕೂತು, ಜಮೀನಿನ ಒಡೆತನ ಊರಿಗೆ, ಉಳುವ ಹಕ್ಕು ಮನೆಗೆ ಎಂಬ ವಿಚಾರಕ್ಕೆ ಬೆಂಬಲ ಕೊಟ್ಟರು. ಭಾರತದಲ್ಲಿ ಇದ್ದು ಹೋದ ರಾಲ್ಫ್ ಬೊರ್ಸೋಡಿ ಮತ್ತು ಅವರ ಸಹವರ್ತಿ ರಾಬರ್ಟ್ ಸ್ವಾನ್ ಗ್ರಾಮದಾನದ ಈ ವಿಚಾರವನ್ನು ಅಮೆರಿಕಕ್ಕೆ ಒಯ್ದರು. 1969ರಲ್ಲಿ ಜಾರ್ಜಿಯಾದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಚಾರ್ಲ್ಸ್ ಶೆರಾಡ್ ಮತ್ತು ಸಂಗಡಿಗರು ಸ್ವಾನ್ ನೆರವಿನಿಂದ ನ್ಯೂ ಕಮ್ಯೂನಿಟೀಸ್ ಕಟ್ಟಿದರು. ಸುಮಾರು 5,700 ಎಕರೆ, ಕಪ್ಪು ರೈತರದು. ವಿನೋಬಾರ ಗ್ರಾಮದಾನ ನಮ್ಮಲ್ಲಿ ಕಾಗದದಲ್ಲೇ ಬಹುಪಾಲು ಸೊರಗಿತು. ಅಲ್ಲಿ ಅದು ಬೇರೆ ರೂಪದಲ್ಲಿ ಚಿಗುರಿತು.

ನ್ಯೂ ಕಮ್ಯೂನಿಟೀಸ್‌ನ ಕತೆ ಸುಖಾಂತ್ಯದ್ದೇನಲ್ಲ. ಬರ ಬಂದಾಗ ಕೇಂದ್ರ ಕೃಷಿ ಇಲಾಖೆಯ ತುರ್ತು ಸಾಲ ಬಿಳಿಯ ರೈತರಿಗೆ ಸಿಕ್ಕಂತೆ ಇವರಿಗೆ ಸಿಗಲಿಲ್ಲ. 1985ರಲ್ಲಿ ಜಮೀನು ಹೋಯಿತು. ತಾರತಮ್ಯ ಆದದ್ದು ನಿಜ ಎಂದು 2009ರಲ್ಲಿ 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿತು. ಅಷ್ಟರಲ್ಲಿ ಒಂದು ತಲೆಮಾರು ಕಳೆದುಹೋಗಿತ್ತು. ಸಹಕಾರ ಸಂಘದ ಉತ್ಸಾಹಿಗಳು ಈ ಪಾಠವನ್ನು ಹಾರಿಸಿ ಓದುತ್ತಾರೆ: ಹಕ್ಕುಪತ್ರದ ಮೇಲೆ ಸಾಲದ ಹೊರೆ ಇದ್ದರೆ ಅದು ಅರೆ ಒಡೆತನ. ಮಾರ್ಕಸ್ ಬುಕ್ಸ್‌ನ ಮನೆ ಕೂಡ ಒಂದು ಕಾಲಕ್ಕೆ ಅಂಗಡಿ ನಡೆಸುತ್ತಿದ್ದ ಕುಟುಂಬದ್ದೇ ಆಗಿತ್ತು, ನೆನಪಿರಲಿ.

ಈಗ ವಿರೋಧಿಗಳ ಮಾತಿಗೆ ಬರೋಣ. ಜನಾಂಗ ನೋಡಿ ಜಾಗ ಕೊಡುವುದು ತಪ್ಪಲ್ಲವೆ ಎಂಬುದು ಅವರ ದೊಡ್ಡ ಅಸ್ತ್ರ. ಸರ್ಕಾರಿ ಉದ್ಯೋಗ, ಶಿಕ್ಷಣ, ಗುತ್ತಿಗೆಗಳಲ್ಲಿ ಜನಾಂಗದ ಆಧಾರದ ಆದ್ಯತೆಯನ್ನು ಕ್ಯಾಲಿಫೋರ್ನಿಯಾ 1996ರಲ್ಲೇ ಜನಮತದಿಂದ ನಿಷೇಧಿಸಿದೆ, ನಿಜ. ಆದರೆ ನಕಾಶೆಗೆ ಕೆಂಪು ಬಳಿಯುವಾಗ ಜನಾಂಗ ನೋಡಿದ ಸರ್ಕಾರ, ಕಟ್ಟಡ ವಾಪಸು ಕೊಡುವ ಹೊತ್ತಿಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡರೆ ಅದನ್ನು ಸಮಾನತೆ ಎನ್ನಲು ನಾನು ಸಿದ್ಧನಿಲ್ಲ. ಹೋಗಲಿ, ಕಾನೂನಿನ ಚೌಕಟ್ಟಿನೊಳಗೇ ಉತ್ತರವಿದೆ: ಸಹಕಾರ ಸಂಘದ ಸದಸ್ಯರಾಗಲು ಮೈಬಣ್ಣ ಕೇಳಬೇಕಿಲ್ಲ. ಈ ಬೀದಿಯ ಸಂಗೀತ ಬೇಕೆನ್ನುವವರು ಒಂದು ಮತದೊಂದಿಗೆ ಒಳಗೆ ಬರಲಿ. ಬಾಗಿಲಲ್ಲಿ ತಡೆಯಬೇಕಾದ್ದು ಮಾರಿ ಲಾಭ ಮಾಡುವ ಹಕ್ಕನ್ನು ಮಾತ್ರ.

ನಗರಾಡಳಿತವೇ ಒಡೆಯನಾಗಿ ಕಲಾಕೇಂದ್ರ ನಡೆಸಲಿ ಎನ್ನುವ ಸಜ್ಜನರೂ ಇದ್ದಾರೆ. ಅವರು ಫಿಲ್‌ಮೋರ್ ಹೆರಿಟೇಜ್ ಸೆಂಟರ್ ನೋಡಿ ಬರಲಿ. ಪುನರಭಿವೃದ್ಧಿಯಿಂದ ಹಾಳಾದ ಜಾಝ್ ಬಡಾವಣೆಯನ್ನು ಮರಳಿ ಕಟ್ಟುತ್ತೇವೆಂದು ನಗರ ಕೋಟಿಗಟ್ಟಲೆ ಸುರಿದು 2007ರಲ್ಲಿ ತೆರೆದ ಕಟ್ಟಡ ಅದು. ಯೋಶೀಸ್ ಎಂಬ ಹೆಸರಾಂತ ಕ್ಲಬ್ಬು 2014ರ ಹೊತ್ತಿಗೆ ಅಲ್ಲಿಂದ ಕಾಲ್ತೆಗೆಯಿತು. ದೊಡ್ಡ ಭಾಗ ವರ್ಷಗಟ್ಟಲೆ ಬೀಗ ಹಾಕಿಕೊಂಡು ಕೂತಿತು. ಇನ್ನು ಅನುದಾನ ನೆಚ್ಚಿಕೊಂಡವರ ಪಾಡು 2025ರ ಮೇ ತಿಂಗಳಲ್ಲಿ ಎಲ್ಲರ ಕಣ್ಣಿಗೂ ಬಿತ್ತು. ಕೇಂದ್ರದ ಕಲಾ ನಿಧಿ ದೇಶದುದ್ದಕ್ಕೂ ನೂರಾರು ಸಂಸ್ಥೆಗಳಿಗೆ ಇಮೇಲ್ ಕಳಿಸಿ, ಒಪ್ಪಿಕೊಂಡಿದ್ದ ಅನುದಾನ ಹಿಂತೆಗೆದುಕೊಂಡಿತು. ಅಧ್ಯಕ್ಷರು ಬದಲಾದರೆ ಅನುದಾನದ ದಿಕ್ಕು ಬದಲಾಗುತ್ತದೆ. ನೋಂದಣಿ ಕಚೇರಿಯಲ್ಲಿರುವ ದಾಖಲೆಯನ್ನು ಇಮೇಲ್ ಕಳಿಸಿ ರದ್ದು ಮಾಡಲಾಗುವುದಿಲ್ಲ.

ಸಹಕಾರ ಸಂಘ ನಿಧಾನ, ಸಭೆಗಳಲ್ಲೇ ಸಮಯ ಹೋಗುತ್ತದೆ ಎಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಆರ್ಬಿಟ್ ರೂಮನ್ನು ಕೊಂಡ ಮರುದಿನವೇ ಅಲ್ಲಿ ಸಂಗೀತ ಕೇಳಲಿಲ್ಲ. ಹಳೆಯ ಕಟ್ಟಡದ ದುರಸ್ತಿಗೆ ಹಣ ಹೊಂದಿಸುವುದರಲ್ಲೇ ವರ್ಷಗಳು ಸರಿದವು. ಬಂಡವಾಳ ಇದ್ದವನು ಒಂದು ಸಹಿಯಲ್ಲಿ ಮುಗಿಸುವುದನ್ನು ಬಡವರು ನೂರು ಸಹಿಗಳಲ್ಲಿ ಮುಗಿಸಬೇಕು. ಹಾಗಾಗಿ ಅವರಿಗೆ ಬೇಕಾದ್ದು ಸಮಯ ಮತ್ತು ಬಡ್ಡಿಯಿಲ್ಲದ ಹಣ. ಲಾಸ್ ಏಂಜಲಿಸ್‌ನಲ್ಲಿ ಎರಡೂ ಸಿಗದಿದ್ದಾಗ ಏನಾಯಿತು ನೋಡಿ. ಕ್ರೆನ್‌ಷಾ ಬಡಾವಣೆಯ 40 ಎಕರೆಯ ಮಾಲನ್ನು ಸಮುದಾಯದ ಹೆಸರಿಗೆ ಕೊಳ್ಳಲು ಡೌನ್‌ಟೌನ್ ಕ್ರೆನ್‌ಷಾ ರೈಸಿಂಗ್ ಎಂಬ ನೆರೆಹೊರೆಯ ಸಂಘಟನೆ 10 ಕೋಟಿ ಡಾಲರ್ ದಾಟಿದ ಬಿಡ್ ಕಟ್ಟಿತು. 2021ರಲ್ಲಿ ಮಾಲು ಹೋದದ್ದು ಖಾಸಗಿ ಡೆವಲಪರ್ ಕೈಗೆ. ಮಾರುವವನು ಇವರಿಗೇ ಮೊದಲು ಕೊಡಬೇಕೆಂಬ ಕಾನೂನೇ ಅಲ್ಲಿರಲಿಲ್ಲ.

ಕಾನೂನು ಮಾಡುವುದು ಅಸಾಧ್ಯವೇನಲ್ಲ. ಸ್ಕಾಟ್ಲೆಂಡ್ 2003ರ ಭೂಸುಧಾರಣಾ ಕಾಯ್ದೆಯಲ್ಲಿ ಗ್ರಾಮೀಣ ಸಮುದಾಯಗಳಿಗೆ ಮೊದಲು ಕೊಳ್ಳುವ ಹಕ್ಕು ಕೊಟ್ಟಿತು, 2016ರಲ್ಲಿ ಅದನ್ನು ನಗರಗಳಿಗೂ ವಿಸ್ತರಿಸಿತು. ಸ್ಯಾನ್ ಫ್ರಾನ್ಸಿಸ್ಕೊ 2019ರಲ್ಲಿ ಇಂಥದೇ ಕಾಯ್ದೆ ತಂದಿತು, ಆದರೆ ಅದು ಮೂರು ಅಥವಾ ಹೆಚ್ಚು ವಾಸದ ಮನೆಗಳಿರುವ ಕಟ್ಟಡಗಳಿಗೂ ಅಂಥ ಮನೆ ಕಟ್ಟಬಹುದಾದ ಖಾಲಿ ನಿವೇಶನಗಳಿಗೂ ಸೀಮಿತ. ಪುಸ್ತಕದಂಗಡಿ, ನೃತ್ಯಶಾಲೆ, ಸಂಗೀತದ ಕ್ಲಬ್ಬು ಎಂಬ ಕಾರಣಕ್ಕೆ ಯಾವ ಕಟ್ಟಡಕ್ಕೂ ಅದರ ನೆರವಿಲ್ಲ. ಸ್ಮಾರಕವೆಂದು ಘೋಷಿಸಲು ಬರುವ ಧೈರ್ಯ, ಅದರೊಳಗಿನ ಜನಕ್ಕೆ ಕೊಳ್ಳುವ ಮೊದಲ ಅವಕಾಶ ಕೊಡಲು ಯಾಕೆ ಬರುವುದಿಲ್ಲ?

ಬೇ ಏರಿಯಾದಲ್ಲಿ ಮತದ ಹಕ್ಕು ಪಡೆದ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಯುಗಾದಿಗೆ, ರಾಜ್ಯೋತ್ಸವಕ್ಕೆ ಬಾಡಿಗೆ ಸಭಾಂಗಣ ಹುಡುಕಿ ಬೇಸತ್ತವರಿಗೆ ಸ್ವಂತ ಜಾಗದ ಬೆಲೆ ಗೊತ್ತಿರುತ್ತದೆ. ಮುಂದಿನ ಚುನಾವಣೆಯಲ್ಲಿ ನಗರಸಭೆಯ ಅಭ್ಯರ್ಥಿ ವೋಟು ಕೇಳಲು ಬಂದಾಗ ಕೇಳಿ: ಕಲೆಯ ಕಟ್ಟಡಗಳನ್ನು ಮೊದಲು ಕೊಳ್ಳುವ ಹಕ್ಕಿನ ಕಾಯ್ದೆಯ ವ್ಯಾಪ್ತಿಗೆ ತರುತ್ತೀರಾ, ಕೊಳ್ಳಲು ಸಾಲವಲ್ಲದ ಹಣವನ್ನು ಬಜೆಟ್ಟಿನಲ್ಲಿ ಇಡುತ್ತೀರಾ? ಎರಡಕ್ಕೂ ಹೌದು ಎನ್ನದವರಿಗೆ ನಿಮ್ಮ ಮತ ಕೊಡಬೇಡಿ.