ಬ್ಯಾಕ್ ಒತ್ತಿದರೂ ಬಿಡದ ಆ್ಯಪ್‌ಗಳು

ಮೊಬೈಲ್‌ನಲ್ಲಿ ನಾವು ದಿನವಿಡೀ ಬಳಸುವ, ಆದರೆ ಒಮ್ಮೆಯೂ ಯೋಚಿಸದ ಸೌಲಭ್ಯ ಯಾವುದು ಎಂದು ಕೇಳಿದರೆ ನನ್ನ ಉತ್ತರ ‘ಬ್ಯಾಕ್’. ಕೆಲವರ ಫೋನಿನಲ್ಲಿ ಅದು ಪರದೆಯ ಕೆಳಗಿರುವ ಪುಟ್ಟ ಗುಂಡಿ. ಇನ್ನು ಕೆಲವರಿಗೆ ಪರದೆಯ ಅಂಚಿನಿಂದ ಒಳಕ್ಕೆ ಬೆರಳು ಎಳೆಯುವ ಅಭ್ಯಾಸ. ರೂಪ ಯಾವುದಾದರೂ ಇರಲಿ, ಅರ್ಥ ಒಂದೇ: ‘ನನಗೆ ಇದು ಸಾಕು, ಹಿಂದಿನ ಜಾಗಕ್ಕೆ ಹೋಗುತ್ತೇನೆ’.

ಈ ಸರಳ ಮಾತನ್ನು ಎಷ್ಟು ಆ್ಯಪ್‌ಗಳು ಕೇಳಿಸಿಕೊಳ್ಳುತ್ತವೆ? 2025ರ ಜೂನ್ ತಿಂಗಳಲ್ಲಿ ಎರಡು ಬೆಳವಣಿಗೆಗಳು ನಡೆದವು. ಜೂನ್ 10ರಂದು ಗೂಗಲ್ ಬಿಡುಗಡೆ ಮಾಡಿದ ಆಂಡ್ರಾಯ್ಡ್ 16, ಬ್ಯಾಕ್ ಗುಂಡಿಯನ್ನು ಆ್ಯಪ್‌ಗಳು ನಿಭಾಯಿಸುವ ಹಳೆಯ ಪದ್ಧತಿಗೆ ಬಾಗಿಲು ಮುಚ್ಚಿತು. ಅದೇ ತಿಂಗಳು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ, ತಮ್ಮ ಆ್ಯಪ್‌ಗಳಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ‘ಡಾರ್ಕ್ ಪ್ಯಾಟರ್ನ್’ಗಳಿವೆಯೇ ಎಂದು ಮೂರು ತಿಂಗಳೊಳಗೆ ತಾವೇ ಪರಿಶೀಲಿಸಿಕೊಳ್ಳುವಂತೆ ಸೂಚಿಸಿತು. ಒಂದು ತಾಂತ್ರಿಕ ಬದಲಾವಣೆ, ಇನ್ನೊಂದು ಸರ್ಕಾರದ ಸೂಚನೆ. ಎರಡಕ್ಕೂ ನೇರ ನಂಟಿಲ್ಲ. ಆದರೆ ಎರಡರ ಹಿಂದೆಯೂ ಒಂದೇ ಪ್ರಶ್ನೆ ಇದೆ: ಫೋನ್ ನಮ್ಮದು, ಬೆರಳು ನಮ್ಮದು, ಹೊರಹೋಗುವ ನಿರ್ಧಾರ ಮಾತ್ರ ಯಾರದು?

ಹೋಮ್‌ಗೆ ಸಿಕ್ಕ ಗೌರವ ಬ್ಯಾಕ್‌ಗೆ ಸಿಗಲಿಲ್ಲ

ಆಂಡ್ರಾಯ್ಡ್‌ನಲ್ಲಿ ಪ್ರತಿ ಕೀಲಿಗೂ ಒಂದು ಸಂಖ್ಯೆ ಇದೆ. ಹೋಮ್ ಕೀಲಿಯದ್ದು 3, ಬ್ಯಾಕ್ ಕೀಲಿಯದ್ದು 4. ಪಕ್ಕಪಕ್ಕದ ಸಂಖ್ಯೆಗಳಾದರೂ ಇವೆರಡರ ನಡುವೆ ಅಜಗಜಾಂತರ. ಹೋಮ್ ಒತ್ತಿದ ಸುದ್ದಿ ಆ್ಯಪ್‌ಗೆ ತಲುಪುವುದೇ ಇಲ್ಲ. ಅದನ್ನು ಆಪರೇಟಿಂಗ್ ಸಿಸ್ಟಮ್ ತಾನೇ ಇಟ್ಟುಕೊಂಡು ನಮ್ಮನ್ನು ಮುಖಪುಟಕ್ಕೆ ಕರೆದೊಯ್ಯುತ್ತದೆ. ಯಾವ ಆ್ಯಪ್ ಕೂಡ ಅದಕ್ಕೆ ಅಡ್ಡ ಬರುವಂತಿಲ್ಲ. ಬ್ಯಾಕ್ ಹಾಗಲ್ಲ. ಅದು ಮೊದಲು ಆ್ಯಪ್‌ಗೆ ತಲುಪುತ್ತದೆ. ಏನು ಮಾಡಬೇಕೆಂದು ಆ್ಯಪ್ ನಿರ್ಧರಿಸುತ್ತದೆ. ಏನೂ ಮಾಡದೆ ಸುಮ್ಮನೆ ಕೂರಬಹುದು, ಜಾಹೀರಾತು ತೋರಿಸಬಹುದು, ‘ನಿಜವಾಗಿಯೂ ಹೋಗಬೇಕೇ?’ ಎಂದು ಕೇಳಬಹುದು.

ಈ ಅಧಿಕಾರ ಕೊಟ್ಟಿದ್ದಕ್ಕೆ ಒಳ್ಳೆಯ ಕಾರಣವೂ ಇತ್ತು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್‌ನಲ್ಲೇ ಬ್ಯಾಕ್‌ಗೆ ಪ್ರತ್ಯೇಕ ಗುಂಡಿ ಇತ್ತು. ಅರ್ಧ ಬರೆದ ಇಮೇಲ್ ಇದ್ದಾಗ ಬ್ಯಾಕ್ ಒತ್ತಿದರೆ ಆ್ಯಪ್ ಅದನ್ನು ಡ್ರಾಫ್ಟ್ ಆಗಿ ಉಳಿಸಬೇಕಲ್ಲವೇ? ಕೀಬೋರ್ಡ್ ತೆರೆದಿದ್ದರೆ ಮೊದಲು ಅದು ಮುಚ್ಚಬೇಕಲ್ಲವೇ? ಇದಕ್ಕಾಗಿ 2009ರ ಆಂಡ್ರಾಯ್ಡ್ 2.0 ಆವೃತ್ತಿಯಲ್ಲಿ ‘ಆನ್ ಬ್ಯಾಕ್ ಪ್ರೆಸ್ಡ್’ ಎಂಬ ವಿಧಾನ ಸೇರಿಸಲಾಯಿತು. ಮಂಗಳೂರಿನಲ್ಲಿ ಎಂಸಿಎ ಓದುತ್ತಿರುವ ನನ್ನಂಥವರು ಮೊಬೈಲ್ ಆ್ಯಪ್ ತರಗತಿಯಲ್ಲಿ ಮೊದಲ ವಾರಗಳಲ್ಲೇ ಕಲಿಯುವ ಪಾಠವಿದು.

ನಮ್ಮ ಊರಿನ ಬಸ್ಸಿಗೆ ಹೋಲಿಸಿದರೆ ವಿಷಯ ಸುಲಭವಾಗುತ್ತದೆ. ಸ್ಟೇಟ್‌ಬ್ಯಾಂಕ್‌ನಿಂದ ಹೊರಟ ಸಿಟಿ ಬಸ್ಸಿನಲ್ಲಿ ಇಳಿಯುವವರಿದ್ದರೆ ಕಂಡಕ್ಟರ್ ‘ಹೋಲ್ಡನ್’ ಎನ್ನುತ್ತಾರೆ. ಡ್ರೈವರ್ ಒಂದೆರಡು ಮಾರು ಮುಂದೆ ಹೋಗಿ ಸುರಕ್ಷಿತ ಜಾಗ ನೋಡಿ ನಿಲ್ಲಿಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಬಾಗಿಲು ತೆರೆಯದೆ, ಇನ್ನೊಂದು ಸ್ಟಾಪ್ ನೋಡಿಕೊಂಡು ಹೋಗಿ ಎಂದರೆ? ಬ್ಯಾಕ್ ಗುಂಡಿಯ ವಿಷಯದಲ್ಲಿ ಕೆಲವು ಆ್ಯಪ್‌ಗಳು ಮಾಡುತ್ತಿರುವುದು ಇದನ್ನೇ.

ಬ್ಯಾಕ್ ಒತ್ತಿದಾಗ ಕೂಪನ್ ತೋರಿಸುವುದು, ಎರಡು ಬಾರಿ ಒತ್ತಿಸಿಕೊಳ್ಳುವುದು, ‘ಹೋಗಬೇಡಿ’ ಎಂಬ ಬಟನ್ ದೊಡ್ಡದಾಗಿಟ್ಟು ‘ಹೊರಹೋಗಿ’ ಎಂಬುದನ್ನು ಮಸುಕು ಬಣ್ಣದಲ್ಲಿ ಬರೆಯುವುದು. ಇವೆಲ್ಲ ಆಕಸ್ಮಿಕವಲ್ಲ. ಬಳಕೆದಾರ ಎಷ್ಟು ಹೊತ್ತು ಒಳಗಿದ್ದ ಎಂಬ ಲೆಕ್ಕದ ಮೇಲೆ ಜಾಹೀರಾತಿನ ಆದಾಯ ನಿಂತಿರುವಾಗ, ಬಾಗಿಲ ಬಳಿ ಹಿಡಿದಿಟ್ಟ ಪ್ರತಿ ಸೆಕೆಂಡಿಗೂ ಬೆಲೆ ಇದೆ.

ಆಂಡ್ರಾಯ್ಡ್ ಬದಲಿಸಿದ್ದೇನು?

2019ರ ಆಂಡ್ರಾಯ್ಡ್ 10ರಲ್ಲಿ ಅಂಚಿನಿಂದ ಎಳೆಯುವ ಬ್ಯಾಕ್ ಬಂತು. ಅದರ ಜತೆಗೇ ಹೊಸ ತೊಂದರೆಯೂ ಬಂತು. ಎಳೆದರೆ ಹಿಂದಿನ ಪುಟ ಬರುತ್ತದೋ, ಆ್ಯಪ್ ಮುಚ್ಚಿಹೋಗುತ್ತದೋ ಎಂಬುದು ಎಳೆದು ಮುಗಿಯುವವರೆಗೆ ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ 2022ರ ಆಂಡ್ರಾಯ್ಡ್ 13ರಲ್ಲಿ ‘ಪ್ರೆಡಿಕ್ಟಿವ್ ಬ್ಯಾಕ್’ ಪರಿಚಯವಾಯಿತು. ಬೆರಳನ್ನು ನಿಧಾನಕ್ಕೆ ಎಳೆದರೆ ಈಗಿನ ಪುಟ ಸ್ವಲ್ಪ ಕುಗ್ಗಿ, ಅದರ ಹಿಂದೆ ಯಾವ ಪುಟವಿದೆ ಎಂಬುದು ಇಣುಕುತ್ತದೆ. ಬೇಕಿದ್ದರೆ ಮುಂದುವರಿಯಬಹುದು, ಬೇಡವಾದರೆ ಬೆರಳನ್ನು ವಾಪಸ್ ತರಬಹುದು.

ನೋಡಲು ಇದು ಚೆಂದದ ಅನಿಮೇಷನ್ ಅಷ್ಟೆ. ಆದರೆ ಅದರೊಳಗೆ ದೊಡ್ಡ ಬದಲಾವಣೆ ಇದೆ. ಮುಂದೆ ಏನಾಗುತ್ತದೆ ಎಂದು ಮೊದಲೇ ತೋರಿಸಬೇಕಾದರೆ, ಆ್ಯಪ್ ಅಡ್ಡ ಬರುತ್ತದೆಯೋ ಇಲ್ಲವೋ ಎಂಬುದು ಸಿಸ್ಟಮ್‌ಗೆ ಮೊದಲೇ ತಿಳಿದಿರಬೇಕು. ಹಿಂದೆ ಗುಂಡಿ ಒತ್ತಿದ ಮೇಲೆ ಆ್ಯಪ್ ತನಗೆ ತೋಚಿದ್ದನ್ನು ಮಾಡುತ್ತಿತ್ತು. ಈಗ ‘ಈ ಪುಟದಲ್ಲಿ ಬ್ಯಾಕ್ ಅನ್ನು ನಾನು ನಿಭಾಯಿಸುತ್ತೇನೆ’ ಎಂದು ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕು. ನೋಂದಾಯಿಸದಿದ್ದರೆ ಸಿಸ್ಟಮ್ ತನ್ನ ಪಾಡಿಗೆ ಹಿಂದಕ್ಕೆ ಕರೆದೊಯ್ಯುತ್ತದೆ.

ಆಂಡ್ರಾಯ್ಡ್ 16 ಈ ಪದ್ಧತಿಯನ್ನು ಸಹಜ ನಿಯಮವಾಗಿಸಿದೆ. ಈ ಆವೃತ್ತಿಯನ್ನು ಗುರಿಯಾಗಿಟ್ಟು ಸಿದ್ಧಪಡಿಸಿದ ಆ್ಯಪ್, ಅದೇ ಆವೃತ್ತಿಯ ಫೋನಿನಲ್ಲಿ ಓಡುವಾಗ ಹಳೆಯ ‘ಆನ್ ಬ್ಯಾಕ್ ಪ್ರೆಸ್ಡ್’ಗೆ ಕರೆಯೇ ಬರುವುದಿಲ್ಲ, 4ನೇ ಸಂಖ್ಯೆಯ ಕೀಲಿ ಸಂದೇಶವೂ ತಲುಪುವುದಿಲ್ಲ. ತಾತ್ಕಾಲಿಕವಾಗಿ ಇದರಿಂದ ಹೊರಗುಳಿಯುವ ಅವಕಾಶವನ್ನು ಗೂಗಲ್ ಕೊಟ್ಟಿದೆ. ಆದರೆ ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಅಪ್‌ಡೇಟ್ ಮಾಡುವವರು ಗುರಿಯಾಗಿಸಬೇಕಾದ ಆವೃತ್ತಿಯ ಮಿತಿಯೂ ವರ್ಷ ವರ್ಷ ಏರುತ್ತಿರುವುದರಿಂದ ಹೆಚ್ಚು ದಿನ ತಪ್ಪಿಸಿಕೊಳ್ಳಲಾಗದು.

ಹಾಗೆಂದು ಗೂಗಲ್ ನಮ್ಮನ್ನು ಉದ್ಧಾರ ಮಾಡಿತು ಎಂದು ಬೀಗಬೇಕಿಲ್ಲ. ಹೊಸ ಪದ್ಧತಿಯಲ್ಲೂ ನೋಂದಾಯಿಸಿಕೊಂಡು ಅಡ್ಡಗಟ್ಟಲು ಸಾಧ್ಯವಿದೆ. ಕಾಲಿಡುವ ಮೊದಲೇ ‘ಅಡ್ಡಗಟ್ಟುತ್ತೇನೆ’ ಎಂದು ಹೇಳಬೇಕಾಗಿದೆ ಎನ್ನುವುದಷ್ಟೇ ಬದಲಾವಣೆ. ಉಳಿದದ್ದು ಕಾನೂನಿನ ಕೆಲಸ.

ಕಾನೂನು ಏನನ್ನುತ್ತದೆ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ತಡೆಗೆ ಮಾರ್ಗಸೂಚಿ ಹೊರಬಂತು. ಅದರಲ್ಲಿ 13 ಬಗೆಯ ಕುತಂತ್ರಗಳ ಪಟ್ಟಿ ಇದೆ. ‘ಬ್ಯಾಕ್ ಗುಂಡಿ ಕೆಲಸ ಮಾಡದಂತೆ ತಡೆಯುವುದು’ ಎಂಬ ಪ್ರತ್ಯೇಕ ಹೆಸರು ಅದರಲ್ಲಿಲ್ಲ. ಆದರೆ ಹತ್ತಿರದ ಸಂಬಂಧಿಕರು ಬೇಕಾದಷ್ಟಿದ್ದಾರೆ. ಬೇಡವೆಂದರೂ ಮತ್ತೆ ಮತ್ತೆ ಕೇಳಿ ಪೀಡಿಸುವುದು, ನಿರಾಕರಿಸಿದವರಿಗೆ ನಾಚಿಕೆಯಾಗುವಂತೆ ವಾಕ್ಯ ಬರೆಯುವುದು, ಚಂದಾ ರದ್ದು ಮಾಡುವ ದಾರಿಯನ್ನು ಸುತ್ತಿಬಳಸಿ ಇಡುವುದು, ಬೇಕಾದ ಬಟನ್ ಕಾಣದಂತೆ ವಿನ್ಯಾಸ ಮಾಡುವುದು ಎಲ್ಲವೂ ಪಟ್ಟಿಯಲ್ಲಿವೆ. ಬ್ಯಾಕ್ ಒತ್ತಿದಾಗ ಎದುರಾಗುವ ಕಿರಿಕಿರಿಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಒಂದಕ್ಕೆ ಸೇರುತ್ತವೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಹೇಳಲು ಸುಲಭ.

ಉದ್ಯೋಗ ಹುಡುಕುವವರಿಗೆ ಇದು ಕೇವಲ ಕಿರಿಕಿರಿಯ ವಿಷಯವಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ‘ನೇರ ನೇಮಕಾತಿ’ ಲಿಂಕ್ ಒತ್ತಿ ಒಳಹೋದ ಮೇಲೆ, ಬ್ಯಾಕ್ ಒತ್ತಿದಷ್ಟೂ ಅದೇ ಪುಟ ಅಥವಾ ಹೊಸ ಜಾಹೀರಾತು ತೆರೆದುಕೊಳ್ಳುವ ಅನುಭವ ಹಲವರಿಗಿದೆ. ಬ್ರೌಸರ್‌ನ ಇತಿಹಾಸದಲ್ಲಿ ನಾವು ನೋಡದ ಪುಟಗಳನ್ನು ತುರುಕಿದಾಗ ಹೀಗಾಗುತ್ತದೆ. ನಾವು ಏನನ್ನೂ ಮುಟ್ಟದೆ ತಾನಾಗಿ ಸೇರಿಕೊಂಡ ಪುಟಗಳನ್ನು ಹಾರಿಸಿ ಹಿಂದಕ್ಕೆ ಹೋಗುವ ವ್ಯವಸ್ಥೆಯನ್ನು ಕ್ರೋಮ್ ಬ್ರೌಸರ್ ಅಳವಡಿಸಿಕೊಂಡಿದೆ. ಆದರೂ ಪುಟದಲ್ಲಿ ಎಲ್ಲಾದರೂ ಒಮ್ಮೆ ಬೆರಳಿಟ್ಟರೆ ಆ ರಕ್ಷಣೆ ಸಡಿಲವಾಗುತ್ತದೆ. ಹೊರಹೋಗಲು ಬಿಡದ ಪುಟದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ ತುಂಬದಿರುವುದೇ ಜಾಣತನ. ಹೋಮ್‌ಗೆ ಹೋಗಿ ಆ ಟ್ಯಾಬ್ ಮುಚ್ಚಿಬಿಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

‘ದಯವಿಟ್ಟು ಬ್ಯಾಕ್ ಒತ್ತಬೇಡಿ’

ಪರೀಕ್ಷಾ ಶುಲ್ಕ ಕಟ್ಟುವಾಗ ಕಾಣುವ ಈ ವಾಕ್ಯಕ್ಕೆ ಹೆದರದವರು ಕಡಿಮೆ. ಅರ್ಜಿಯ ಕೊನೆಯ ದಿನ, ಚಕ್ರ ತಿರುಗುತ್ತಲೇ ಇದೆ, ಖಾತೆಯಿಂದ ಹಣ ಕಡಿತವಾದ ಸಂದೇಶ ಬಂದಿದೆ, ರಸೀದಿ ಇಲ್ಲ. ಇಲ್ಲಿ ತಾಂತ್ರಿಕವಾಗಿ ತಿಳಿಯಬೇಕಾದ ಸಂಗತಿ ಇದು: ಪಿನ್ ಹಾಕಿದ ಮೇಲೆ ವ್ಯವಹಾರ ನಡೆಯುವುದು ಬ್ಯಾಂಕ್‌ಗಳ ಸರ್ವರ್‌ಗಳ ನಡುವೆ. ಬ್ಯಾಕ್ ಒತ್ತಿದರೆ ಅದು ರದ್ದಾಗುವುದಿಲ್ಲ, ಫಲಿತಾಂಶ ನೋಡುವ ಕಿಟಕಿ ಮಾತ್ರ ಮುಚ್ಚುತ್ತದೆ. ಚೆನ್ನಾಗಿ ಮಾಡಿದ ಆ್ಯಪ್ ಪ್ರತಿ ಪಾವತಿಗೂ ಒಂದೇ ಗುರುತಿನ ಸಂಖ್ಯೆ ಇಟ್ಟುಕೊಂಡು, ಮತ್ತೆ ತೆರೆದಾಗ ಆ ಪಾವತಿ ಏನಾಯಿತು ಎಂದು ಸರ್ವರ್‌ನಿಂದ ಕೇಳಿ ತೋರಿಸುತ್ತದೆ. ಹಾಗಾಗಿ ಎರಡು ಬಾರಿ ಹಣ ಹೋಗುವ ಭಯವಿಲ್ಲ. ಆ ಕೆಲಸ ಮಾಡದವರು ಎಚ್ಚರಿಕೆಯ ವಾಕ್ಯ ಬರೆದು ಜವಾಬ್ದಾರಿಯನ್ನು ನಮ್ಮ ಹೆಗಲಿಗೆ ದಾಟಿಸುತ್ತಾರೆ.

ಇಂಥ ಸಂದರ್ಭಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ವಿಧಿಸಿದೆ. ಯುಪಿಐ ಮೂಲಕ ಇನ್ನೊಬ್ಬರಿಗೆ ಕಳುಹಿಸಿದ ಹಣ ತಲುಪದೆ ಖಾತೆಯಿಂದ ಮಾತ್ರ ಕಡಿತವಾಗಿದ್ದರೆ ವ್ಯವಹಾರದ ಮರುದಿನದೊಳಗೆ, ವ್ಯಾಪಾರಿಗೆ ಪಾವತಿಸುವಾಗ ಹಾಗಾದರೆ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ನಿಯಮ ತಿಳಿದಿದ್ದರೆ ಗಾಬರಿಯಲ್ಲಿ ಎರಡನೇ ಬಾರಿ ಪಾವತಿಸುವ ಮುನ್ನ ಕೊಂಚ ಯೋಚಿಸಬಹುದು.

ಕೀಲಿಯ ಪಾಠ ಕಲಿಸಿದ ನಮ್ಮೂರು

ಬಳಸುವವರು ಏನನ್ನು ನಿರೀಕ್ಷಿಸಿ ಕೀಲಿ ಒತ್ತುತ್ತಾರೋ ಅದೇ ಆಗಬೇಕು ಎಂಬ ತತ್ವವನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಮಂಗಳೂರು ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ.ಪಿ. ರಾವ್ ಕನ್ನಡ ಕೀಲಿಮಣೆಯನ್ನು ರೂಪಿಸಿದ್ದು ಇದೇ ನೆಲೆಯಲ್ಲಿ. ಬೆರಳಚ್ಚು ಯಂತ್ರದಲ್ಲಿ ಅಕ್ಷರದ ಆಕಾರದ ತುಂಡುಗಳಿಗೆ ಕೀಲಿಗಳಿದ್ದವು. ರಾವ್ ಅವರ ವಿನ್ಯಾಸದಲ್ಲಿ ಕೀಲಿ ಎಂದರೆ ಧ್ವನಿ. ‘ಅಮ್ಮ’ ಎಂದು ಬರೆಯಲು ಎ, ಎಂ, ಒತ್ತಿಗಾಗಿ ಎಫ್, ಮತ್ತೆ ಎಂ. ಅಕ್ಷರ ಜೋಡಿಸುವ ಕಷ್ಟ ಕಂಪ್ಯೂಟರಿನದ್ದು, ಉಚ್ಚಾರಣೆಯಂತೆ ಒತ್ತುತ್ತಾ ಹೋಗುವ ಸುಖ ನಮ್ಮದು.

ಇಂದಿನ ಎಷ್ಟೋ ಆ್ಯಪ್‌ಗಳು ಈ ಪಾಠ ಮರೆತಿವೆ. ಫೋನಿನ ಪರದೆಯ ಕೀಬೋರ್ಡ್‌ಗಳು ಪ್ರತಿ ಅಕ್ಷರಕ್ಕೂ ಕೀಲಿ ಸಂದೇಶ ಕಳುಹಿಸಬೇಕೆಂಬ ನಿಯಮವಿಲ್ಲ. ಪದವನ್ನು ಜೋಡಿಸಿ ಪಠ್ಯವಾಗಿ ಒಪ್ಪಿಸಬಹುದು. ವೆಬ್ ಪುಟಗಳಲ್ಲಿ ಆಗ ಯಾವ ಅಕ್ಷರ ಒತ್ತಿದರೂ 229 ಎಂಬ ಒಂದೇ ಸಂಖ್ಯೆ ಬರುತ್ತದೆ. ಕೀಲಿ ಸಂದೇಶ ನಂಬಿ ‘ಇಷ್ಟೇ ಅಕ್ಷರ, ಇಂಥದ್ದೇ ಅಕ್ಷರ’ ಎಂದು ತಪಾಸಣೆ ಬರೆದವರ ಪೆಟ್ಟಿಗೆಯಲ್ಲಿ ಕನ್ನಡ ಸರಿಯಾಗಿ ಕೂರುವುದಿಲ್ಲ. ‘ಮಂಗಳೂರು’ ನಮಗೆ ನಾಲ್ಕು ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಏಳು. ಇದನ್ನು ಗಮನಿಸದ ಅರ್ಜಿ ನಮೂನೆ ನಮ್ಮ ಹೆಸರನ್ನು ಅರ್ಧಕ್ಕೇ ಕತ್ತರಿಸಬಹುದು.

ನಾವು ಮಾಡಬಹುದಾದದ್ದು

ಕರಾವಳಿಯಲ್ಲಿ ಈ ಕೆಲಸ ಗೊತ್ತಿರುವವರಿಗೆ ಅವಕಾಶವಿದೆ. ಉಡುಪಿಯಲ್ಲಿ 1996ರಲ್ಲೇ ರೋಬೋಸಾಫ್ಟ್ ಆರಂಭವಾಗಿ ಮುಂದೆ ಮೊಬೈಲ್ ಆ್ಯಪ್‌ಗಳಲ್ಲಿ ಹೆಸರು ಮಾಡಿತು. ಬೆಂಗಳೂರಿನ ಆಚೆಗೂ ಐಟಿ ಬೆಳೆಯಬೇಕೆಂಬ ರಾಜ್ಯದ ಯೋಜನೆಯಲ್ಲಿ ಮಂಗಳೂರು ಒಂದು ಮುಖ್ಯ ಕೇಂದ್ರ. ಆದ್ದರಿಂದ ಪ್ರಾಜೆಕ್ಟ್ ಮಾಡುತ್ತಿರುವ ಗೆಳೆಯರಿಗೆ ಕೆಲವು ಮಾತು.

ಹಳೆಯ ಯೂಟ್ಯೂಬ್ ಪಾಠ ನೋಡಿ ‘ಆನ್ ಬ್ಯಾಕ್ ಪ್ರೆಸ್ಡ್’ ಬರೆಯುತ್ತಿದ್ದರೆ ಹೊಸ ಪದ್ಧತಿಗೆ ಬದಲಾಗಿ. ಫ್ಲಟರ್ ಬಳಸುವವರು ‘ವಿಲ್‌ಪಾಪ್‌ಸ್ಕೋಪ್’ ಬಿಟ್ಟು ‘ಪಾಪ್‌ಸ್ಕೋಪ್’ ಕಲಿಯಿರಿ. ರಿಯಾಕ್ಟ್ ನೇಟಿವ್‌ನ ‘ಬ್ಯಾಕ್‌ಹ್ಯಾಂಡ್ಲರ್’ನಲ್ಲಿ ಕೊನೆಗೆ ನೋಂದಾಯಿಸಿದ್ದಕ್ಕೆ ಮೊದಲು ಕರೆ ಬರುತ್ತದೆ ಎಂಬುದು ನೆನಪಿರಲಿ. ಪುಟ ಮುಚ್ಚಿದಾಗ ನೋಂದಣಿ ತೆಗೆಯದಿದ್ದರೆ, ಇಲ್ಲದ ಪುಟವೊಂದು ಬ್ಯಾಕ್ ಅನ್ನು ನುಂಗುತ್ತಲೇ ಇರುತ್ತದೆ. ಉಳಿಸದ ಮಾಹಿತಿ ಇದ್ದಾಗ ಮಾತ್ರ ‘ಹೊರಹೋಗಬೇಕೇ?’ ಎಂದು ಕೇಳಿ. ಅದಕ್ಕಿಂತಲೂ ಉತ್ತಮ, ಕೇಳದೆಯೇ ಡ್ರಾಫ್ಟ್ ಉಳಿಸಿ. ಪರೀಕ್ಷಿಸುವಾಗ ಮೂರು ಬಟನ್‌ಗಳ ವ್ಯವಸ್ಥೆ ಮತ್ತು ಅಂಚಿನ ಎಳೆತ ಎರಡರಲ್ಲೂ, ಕನ್ನಡ ಕೀಬೋರ್ಡ್ ತೆರೆದಿಟ್ಟೂ ನೋಡಿ.

ನಾಳೆ ಕೆಲಸ ಸಿಕ್ಕಿದ ಮೇಲೆ ‘ಬ್ಯಾಕ್ ಒತ್ತಿದರೆ ಒಂದು ಆಫರ್ ತೋರಿಸಿಬಿಡಿ’ ಎಂದು ಮೇಲಿನವರು ಹೇಳಬಹುದು. ಹೊಸಬರಿಗೆ ಬೇಡ ಎನ್ನುವುದು ಸುಲಭವಲ್ಲ. ಆದರೆ 2023ರ ಮಾರ್ಗಸೂಚಿ ಹೀಗನ್ನುತ್ತದೆ, ಆಂಡ್ರಾಯ್ಡ್ 16ರಲ್ಲಿ ಹೀಗೆ ಮಾಡುವುದು ಸರಿಹೋಗದು ಎಂದು ದಾಖಲೆ ಮುಂದಿಟ್ಟು ಮಾತನಾಡಿದರೆ ಅದು ಹಟ ಅನಿಸುವುದಿಲ್ಲ, ಕೆಲಸ ಬಲ್ಲವರ ಸಲಹೆ ಅನಿಸುತ್ತದೆ. ಅಷ್ಟು ತಿಳಿವಳಿಕೆಯನ್ನಾದರೂ ಕಾಲೇಜು ಮುಗಿಸುವ ಮೊದಲೇ ಗಳಿಸಿಕೊಳ್ಳೋಣ.